ವೈದ್ಯರು ಪರದೆಯಲ್ಲಿ, ಅತ್ತೆ ಪಕ್ಕದ ಕೋಣೆಯಲ್ಲಿ

ಸ್ಟೆತಾಸ್ಕೋಪ್ ಇಲ್ಲದಿದ್ದರೂ ಮನೋವೈದ್ಯರ ಕೆಲಸ ನಿಲ್ಲುವುದಿಲ್ಲ. ರೋಗಿಯ ಮಾತು, ಮಾತಿನ ವೇಗ, ಮುಖಭಾವ, ನಿದ್ದೆ-ಊಟದ ವಿವರ, ಜೊತೆಗೆ ಬಂದವರು ಹೇಳುವ ಸಂಗತಿ: ಅವರ ಪರೀಕ್ಷೆಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಹಾಗಾಗಿ ಈ ಶಾಖೆ ಬಹಳ ಹಿಂದೆಯೇ ವಿಡಿಯೊ ಪರದೆಗೆ ಒಗ್ಗಿಕೊಂಡಿತು. ಅಮೆರಿಕದ ನೆಬ್ರಾಸ್ಕದಲ್ಲಿ ಸೆಸಿಲ್ ವಿಟ್ಸನ್ ಎಂಬ ಮನೋವೈದ್ಯರು 1959ರಲ್ಲೇ ದ್ವಿಮುಖ ಟೆಲಿವಿಷನ್ ಜೋಡಿಸಿ ಗುಂಪು ಚಿಕಿತ್ಸೆ ನಡೆಸಿದರು. 1964ರಲ್ಲಿ ಸುಮಾರು 180 ಕಿಲೋಮೀಟರ್ ದೂರದ ನಾರ್ಫೋಕ್ ಆಸ್ಪತ್ರೆಯನ್ನೂ ಅದಕ್ಕೆ ಸೇರಿಸಿದರು.

ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾಕಿದ ತಂತಿ. ರೋಗಿ ಮನೆಯಲ್ಲೇ ಕುಳಿತಿದ್ದರೆ? ಅಮೆರಿಕದಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 241 ಹಿರಿಯ ಮಾಜಿ ಸೈನಿಕರ ಮೇಲೆ ಈ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಮುಖಾಮುಖಿಯಾಗಿ, ಇನ್ನೊಂದಕ್ಕೆ ಮನೆಯ ವಿಡಿಯೊಫೋನಿನಲ್ಲಿ ಒಂದೇ ಬಗೆಯ ಮಾತಿನ ಚಿಕಿತ್ಸೆ. ಮನೆಯಲ್ಲೇ ಚಿಕಿತ್ಸೆ ಪಡೆದವರ ಚೇತರಿಕೆ ಮುಖಾಮುಖಿ ಪಡೆದವರಿಗಿಂತ ಕಡಿಮೆಯಾಗಲಿಲ್ಲ ಎಂಬ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಯನ್ನು ಅವಲಂಬಿಸಿ ಶೇ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಫೋನ್, ವಿಡಿಯೊ ಮೂಲಕ ಚಿಕಿತ್ಸೆ ನೀಡುವ ದೂರವೈದ್ಯದ ಮಾರ್ಗಸೂಚಿ ಹೊರಬಂತು. 2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಆರಂಭವಾಯಿತು. ಅದರ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಹಾಗೆಂದು ಪರದೆ ತೀರಾ ನಿರುಪದ್ರವಿಯಲ್ಲ. ಎದುರಿನವರು ಮಾತು ಮುಗಿಸಿದ ಮೇಲೆ ನಾವು ಬಾಯಿ ತೆರೆಯಲು ತೆಗೆದುಕೊಳ್ಳುವ ಸಮಯ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನ ಇದನ್ನು ತೋರಿಸಿದೆ. ನೆಟ್‌ವರ್ಕ್ ನಿಧಾನವಾದರೆ ಈ ಅಂತರ ಹಿಗ್ಗುತ್ತದೆ. ಸಾಮಾನ್ಯ ಹರಟೆಯಲ್ಲಿ ಅದು ಬರೀ ಕಿರಿಕಿರಿ. ಆದರೆ ತೀವ್ರ ಖಿನ್ನತೆಯ ಒಂದು ಲಕ್ಷಣವೇ ಉತ್ತರ ತಡವಾಗಿ ಬರುವುದು! ತಡವಾದದ್ದು ಮನಸ್ಸೋ ಮೊಬೈಲ್ ಗೋಪುರವೋ ಎಂದು ವೈದ್ಯರು ಬಿಡಿಸಿ ನೋಡಬೇಕು. ಕಣ್ಣಿನದೂ ಇದೇ ಪಾಡು. ಪರದೆಯಲ್ಲಿರುವ ಮುಖವನ್ನು ನೋಡುವವರ ನೋಟ ಕ್ಯಾಮೆರಾಕ್ಕೆ ತುಸು ಕೆಳಗೆ ಬಿದ್ದಂತೆ ಕಾಣುತ್ತದೆ. ನಾಚಿಕೆಯೂ ಅಲ್ಲ, ತಪ್ಪಿಸಿಕೊಳ್ಳುವ ಹವಣಿಕೆಯೂ ಅಲ್ಲ, ಬರೀ ಕ್ಯಾಮೆರಾದ ಜಾಗದ ದೋಷ.

ದೇಹವನ್ನು ಪೂರ್ತಿ ಬಿಟ್ಟುಬಿಡುವಂತೆಯೂ ಇಲ್ಲ. ಕೆಲವು ಮನೋರೋಗದ ಮಾತ್ರೆಗಳಿಂದ ಕೈ ನಡುಗುತ್ತದೆ, ನಡಿಗೆ ಬಿಗಿಯುತ್ತದೆ. ಮೊಬೈಲನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ಹಿಂದೆ ಸರಿದು ನಾಲ್ಕು ಹೆಜ್ಜೆ ನಡೆಯಿರಿ ಎಂದರೆ ಅದನ್ನು ಕಂಡುಹಿಡಿಯಬಹುದು. ನಡೆಯುವಾಗ ತೋಳು ಸರಾಗವಾಗಿ ಬೀಸುತ್ತಿದೆಯೇ, ಮೈಗೆ ಅಂಟಿಕೊಂಡಂತಿದೆಯೇ ಎಂಬುದರ ಮೇಲೆ ಗಮನ. ಮಾತ್ರೆಯ ಸ್ಟ್ರಿಪ್ಪನ್ನು ಕ್ಯಾಮೆರಾದ ಮುಂದೆ ಹಿಡಿಸಿ ಎಷ್ಟು ಉಳಿದಿವೆ ಎಂದು ಎಣಿಸಿದರೆ ಔಷಧಿ ತಪ್ಪಿದೆಯೇ ಎಂಬುದೂ ತಿಳಿಯುತ್ತದೆ. ಆದರೆ ಮನಸ್ಸಿನ ತೀವ್ರ ಏರಿಳಿತ ತಡೆಯುವ ಲಿಥಿಯಂ ಔಷಧಿ ಸೇವಿಸುವವರ ರಕ್ತಪರೀಕ್ಷೆ ಕ್ಯಾಮೆರಾಕ್ಕೆ ಎಟುಕದು. ಮದ್ಯದ ವಾಸನೆಯೂ ಅಷ್ಟೇ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮನೆಯೇ ಎಂದು ನನಗನ್ನಿಸುತ್ತದೆ. ಎರಡು ಕೋಣೆಯ ಮನೆ. ಸೊಸೆಗೆ ಖಿನ್ನತೆ, ಅಡುಗೆಮನೆಯಲ್ಲಿ ಅತ್ತೆ, ಹಜಾರದಲ್ಲಿ ಗಂಡ. ಇಯರ್‌ಫೋನ್ ಹಾಕಿಕೊಂಡರೆ ವೈದ್ಯರ ಪ್ರಶ್ನೆ ಬೇರೆಯವರಿಗೆ ಕೇಳಿಸದು, ಸರಿ. ಆದರೆ ಉತ್ತರ ಇಡೀ ಮನೆಗೆ ಕೇಳಿಸುತ್ತದಲ್ಲ! ಆಗ ವೈದ್ಯರು ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗುತ್ತದೆ. ‘ಮನೆಯಲ್ಲಿ ಏನು ತೊಂದರೆ?’ ಎನ್ನುವ ಬದಲು ‘ಮನೆಯಲ್ಲಿ ಯಾರಾದರೂ ಕೈಮಾಡುತ್ತಾರೆಯೇ? ಹೌದು, ಇಲ್ಲ ಎಂದಷ್ಟೇ ಹೇಳಿ’. ‘ಬದುಕು ಸಾಕೆನ್ನಿಸುವುದು ಎಷ್ಟರ ಮಟ್ಟಿಗೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ’. ‘ಏಳು’ ಎಂದರೆ ಅಡುಗೆಮನೆಗೆ ಏನೂ ಅರ್ಥವಾಗದು. ಆದರೆ ಆ ಏಳಿನ ಹಿಂದಿನ ಕಥೆ ಕೇಳಲು ಬಾಗಿಲು ಹಾಕಿಕೊಳ್ಳುವ ಜಾಗ ಬೇಕೇಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ಕೋಣೆ ಕೊಟ್ಟಿಲ್ಲ.

ಒಮ್ಮೆ ಎದುರಾಎದುರು ಕಂಡ ರೋಗಿಯ ಮುಂದಿನ ಭೇಟಿಗಳಿಗೆ ಮನೆಯ ವಿಡಿಯೊ ಬಲು ಅನುಕೂಲ. ಒಂದು ದಿನದ ಕೂಲಿ, ಬಸ್ ಖರ್ಚು ಎರಡೂ ಉಳಿಯುತ್ತವೆ. ಆದರೆ ಮನೆಯಲ್ಲಿ ಬಾಯಿಬಿಡಲಾಗದವರಿಗೆ ಮನೆಯಿಂದ ನಾಲ್ಕು ಹೆಜ್ಜೆ ಆಚೆಗೆ ಪರದೆ ಬೇಕು. ಮಾನಸಿಕ ಕಾಯಿಲೆಗಳ ಚಿಕಿತ್ಸೆಗೆ ದುಡಿಯುವ ಚೆನ್ನೈನ ಸ್ಕಾರ್ಫ್ ಸಂಸ್ಥೆ 2010ರಲ್ಲಿ ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ ಮಾಡಿದ್ದು ಇದನ್ನೇ. ಬಸ್ಸೊಂದು ಹಳ್ಳಿಗೆ ಬರುತ್ತಿತ್ತು. ರೋಗಿ ಅದರೊಳಗೆ ಕುಳಿತು ದೂರದ ಮನೋವೈದ್ಯರೊಡನೆ ವಿಡಿಯೊದಲ್ಲಿ ಮಾತನಾಡಿ, ಔಷಧಿಯನ್ನೂ ಅದೇ ಬಸ್ಸಿನಲ್ಲಿ ಪಡೆದು ಮನೆಗೆ ಹೋಗುತ್ತಿದ್ದರು.