ಮಂಜೂರಾತಿ 80 ಕಿಲೋವಾಟ್ ಇದ್ದರೆ 100 ಕೆವಿಎ ಜನರೇಟರೇ ಬೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಆಫೀಸು. ಬೆಸ್ಕಾಂ ಮಂಜೂರಾತಿ 80 ಕಿಲೋವಾಟ್. ಡೀಲರು 100 ಕೆವಿಎ ಹಾಕಿಸಿ ಅನ್ನುತ್ತಾರೆ. ಸರಿಯೇ?

ಉತ್ತರ: ಡೀಲರ ಗಣಿತ ಸರಿ. ಜನರೇಟರಿನ ಒಟ್ಟು ಸಾಮರ್ಥ್ಯವನ್ನು ಅಳೆಯುವುದು ಕೆವಿಎಯಲ್ಲಿ; ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲೇ ಪವರ್ ಫ್ಯಾಕ್ಟರ್. 80 ಕಿಲೋವಾಟನ್ನು ಪವರ್ ಫ್ಯಾಕ್ಟರ್ 0.8ರಿಂದ ಭಾಗಿಸಿದರೆ 100 ಕೆವಿಎ ಬಂದೇ ಬರುತ್ತದೆ. ಆದರೆ ಆ 80 ನೀವು ಬಳಸಬಹುದಾದ ಮಿತಿ, ಬಳಸುತ್ತಿರುವ ಲೆಕ್ಕವಲ್ಲ. ಹನ್ನೆರಡು ತಿಂಗಳ ಬಿಲ್ ತೆಗೆದು, ದಾಖಲಾದ ಗರಿಷ್ಠ ಬೇಡಿಕೆ ಎಷ್ಟೆಂದು ನೋಡಿ. ಆಮೇಲೆ ಕರೆಂಟ್ ಹೋದಾಗ ಏನೇನು ನಡೆಯಲೇಬೇಕು ಅಂತ ಬಾಡಿಗೆದಾರರ ಜೊತೆ ಕೂತು ತೀರ್ಮಾನಿಸಿ. ಜಗಳ ಆಗುವುದು ಎಸಿ ವಿಷಯಕ್ಕೇ.

ಎಸಿ ಬಿಟ್ಟೆವು ಅಂದುಕೊಳ್ಳಿ. ದೀಪ, ಕಂಪ್ಯೂಟರ್ 18 ಕಿಲೋವಾಟ್, ಲಿಫ್ಟ್ 7.5, ಸಂಪಿನ ಪಂಪು 5.5 (ಅಂದರೆ ಏಳೂವರೆ ಎಚ್‌ಪಿ). ಒಟ್ಟು 31 ಕಿಲೋವಾಟ್, ಹತ್ತಿರ ಹತ್ತಿರ 39 ಕೆವಿಎ. ಹಾಗಂತ 40ರದ್ದು ತಂದರೆ ಕೆಟ್ಟಿರಿ. ಮೋಟಾರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡುವ ನೇರ ಸ್ಟಾರ್ಟರಿನಲ್ಲಿ ಆ ಪಂಪು ಓಡುವಾಗ ಎಳೆಯುವುದು 11 ಆಂಪ್ಸ್ ಆಸುಪಾಸು, ಶುರುವಾಗುವಾಗ ಅದರ ಆರು ಪಟ್ಟು. ಕೆಲವೇ ಕ್ಷಣಕ್ಕೆ ಸುಮಾರು 47 ಕೆವಿಎ! ಉಳಿದದ್ದೆಲ್ಲ ಓಡುತ್ತಿರುವಾಗಲೇ ಇದು ಬಂದರೆ ಒಟ್ಟು 80 ಕೆವಿಎ ಸನಿಹ. ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್ಚು) ಕಳಚಿಕೊಳ್ಳುತ್ತದೆ, ಲಿಫ್ಟ್ ಎರಡು ಮಹಡಿಗಳ ನಡುವೆ ನಿಲ್ಲುತ್ತದೆ.

ಇದಕ್ಕೆ ದೊಡ್ಡ ಜನರೇಟರೇ ಮದ್ದಲ್ಲ. ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಶುರುಮಾಡಿ ಆಮೇಲೆ ಪೂರ್ತಿ ಕೊಡುವಂಥದ್ದು) ಹಾಕಿಸಿದರೆ ಆ ಒದೆತ ಮೂರನೇ ಒಂದಕ್ಕೆ ಇಳಿಯುತ್ತದೆ, ಒಟ್ಟು 48ರ ಹತ್ತಿರ ನಿಲ್ಲುತ್ತದೆ. ಲಿಫ್ಟಿಗೆ ವಿಎಫ್‌ಡಿ (ಮೋಟಾರಿನ ವೇಗವನ್ನು ಮೆಲ್ಲಗೆ ಏರಿಸುವ ಸಾಧನ) ಇದ್ದರೆ ಅದರ ಚಿಂತೆ ಇಲ್ಲ. ನಿಮಗೆ 62.5 ಕೆವಿಎ ಸಾಕು.

ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಅನ್ನಬಹುದು. ಅಲ್ಲ. ಊಟದ ಹೊತ್ತಿಗೆ ಲೋಡು 15 ಕಿಲೋವಾಟಿಗೆ ಇಳಿದರೆ 100 ಕೆವಿಎ ಯಂತ್ರಕ್ಕೆ ಅದು ಐದನೇ ಒಂದು ಭಾಗವೂ ಅಲ್ಲ. ಶೇ. 30ರ ಕೆಳಗೆ ದಿನವೂ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಸುಡದ ಇಂಧನ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡಾಗಿ ಜಿನುಗುತ್ತದೆ.

ಕೊನೆಯ ಕಂತು ಕೊಡುವ ಮುನ್ನ ಒಂದು ಕೆಲಸ ಮಾಡಿ. ಜನರೇಟರಿನ ಮೇಲೆ ಎಲ್ಲ ದೀಪ ಹಚ್ಚಿ, ಲಿಫ್ಟ್ ಮೇಲಕ್ಕೆ ಹೋಗುತ್ತಿರುವಾಗ ಪಂಪಿನ ಗುಂಡಿ ಒತ್ತಿಸಿ, ವೋಲ್ಟೇಜ್ ಕುಸಿಯುತ್ತದೆಯೇ ಎಂದು ವೋಲ್ಟ್ ಮೀಟರಿನ ಮೇಲೆ ಕಣ್ಣಿಡಿ.