‘ಇಂಥವರ ಹೆಂಡತಿ’ ಎಂದರೆ ಮತ ಇಲ್ಲ

ಭಾರತದ ಹೆಣ್ಣುಮಕ್ಕಳಿಗೆ ಮತದ ಹಕ್ಕು ಸುಮ್ನೆ ಸಿಕ್ಕಿತು, ಹೋರಾಟವೇನೂ ನಡೆಯಲಿಲ್ಲ ಎನ್ನುವವರಿದ್ದಾರೆ. ವಯಸ್ಕರೆಲ್ಲರಿಗೂ ಮತ ಕೊಟ್ಟ ಸಂವಿಧಾನದ 326ನೇ ವಿಧಿಯನ್ನಷ್ಟೇ ನೋಡಿದರೆ ಹಾಗೆ ಅನಿಸುತ್ತದೆ. ಆದರೆ ಅದಕ್ಕೂ ಮೊದಲು ಮೂರು ದಶಕಗಳ ಜಗ್ಗಾಟ ನಡೆದಿತ್ತು.

1917ರ ಡಿಸೆಂಬರ್‌ನಲ್ಲಿ ಭಾರತದ ಉಸ್ತುವಾರಿ ಹೊತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಿದ್ದರು. ಸರೋಜಿನಿ ನಾಯ್ಡು ಮುಂದಾಳತ್ವದ ಮಹಿಳೆಯರ ತಂಡ ಅವರನ್ನು ಕಂಡು, ಗಂಡಸರಿಗೆ ಕೊಡುವ ಹಕ್ಕನ್ನೇ ನಮಗೂ ಕೊಡಿ ಎಂದಿತು. ಇದಕ್ಕಾಗಿ ಓಡಾಡಿದವರಲ್ಲಿ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಮುಖ್ಯರು. ಯಾರಿಗೆ ಮತ ಕೊಡಬೇಕೆಂದು ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ ಒಪ್ಪಲಿಲ್ಲ. ಪರದೆ ಪದ್ಧತಿಯ ಸಮಾಜಕ್ಕೆ ಇನ್ನೂ ಕಾಲ ಬಂದಿಲ್ಲವಂತೆ! 1919ರ ಭಾರತ ಸರ್ಕಾರ ಕಾಯ್ದೆ ಹೆಂಗಸರಿಗೆ ಮತ ಕೊಡುವ ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟು ಕೈತೊಳೆದುಕೊಂಡಿತು. ಅಲ್ಲಿ ಕೂತಿದ್ದವರೂ ಗಂಡಸರೇ ಅಲ್ವಾ?

ಆದರೂ 1921ರಲ್ಲಿ ಮದ್ರಾಸ್ ಮತ್ತು ಮುಂಬೈ ಒಪ್ಪಿದವು. ಆಗ ಮಂಗಳೂರು ಮದ್ರಾಸಿಗೆ, ಧಾರವಾಡ ಮುಂಬೈಗೆ ಸೇರಿದ್ದವು. ಹಾಗಾಗಿ ಅಲ್ಲಿನ ಕನ್ನಡತಿಯರಿಗೂ ಬಾಗಿಲು ತೆರೆಯಿತು. ಮೈಸೂರು ಸಂಸ್ಥಾನ 1923ರಲ್ಲಿ ಅದೇ ದಾರಿ ಹಿಡಿಯಿತು. ಆದರೆ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ. ತನ್ನ ಹೆಸರಲ್ಲಿ ಜಮೀನು ಇದ್ದ ಹೆಂಗಸರು ಆಗ ಎಷ್ಟು ಮಂದಿ ಸಿಕ್ಕಾರು? 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಯ ಚುನಾವಣೆಗೇ ನಿಂತರು, ಸ್ವಲ್ಪದರಲ್ಲಿ ಸೋತರು.

1935ರ ಕಾಯ್ದೆ ಮತದಾರರ ಸಂಖ್ಯೆಯನ್ನೇನೋ ಹೆಚ್ಚಿಸಿತು. ಓದುಬರಹ ಬಲ್ಲ ಮಹಿಳೆಯರಿಗೂ ಮತ ಬಂತು. ಜೊತೆಗೆ ಗಂಡನಿಗೆ ಆಸ್ತಿಯ ಅರ್ಹತೆ ಇದ್ದರೆ ಹೆಂಡತಿಗೂ ಮತ ಎಂಬ ನಿಯಮ ಸೇರಿತು. ಮಹಿಳಾ ಸಂಘಟನೆಗಳು ಇದನ್ನು ವಿರೋಧಿಸಿದ್ದವು. ಮದುವೆಗೂ ಮತಕ್ಕೂ ಏನು ಸಂಬಂಧ, ವಯಸ್ಕರೆಲ್ಲರಿಗೂ ಕೊಡಿ ಎಂಬುದು ಅವರ ಪಟ್ಟು. ನನಗೆ ಇಡೀ ಹೋರಾಟದಲ್ಲಿ ಜಾಸ್ತಿ ಗಟ್ಟಿ ಅನಿಸುವುದು ಈ ಮಾತೇ.

ಆ ಬೇಡಿಕೆ ಈಡೇರಿದ್ದು 1950ರಲ್ಲಿ, ಸಂವಿಧಾನ ಬಂದಾಗ. ಆದರೆ ಗಂಡನ ನೆರಳು ಆಗಲೂ ಬಿಡಲಿಲ್ಲ. ಮೊದಲ ಚುನಾವಣೆಯ ಪಟ್ಟಿ ತಯಾರಿಸಲು ಮನೆಮನೆಗೆ ಹೋದ ಸಿಬ್ಬಂದಿಗೆ ಎಷ್ಟೋ ಹೆಂಗಸರು ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಉತ್ತರದ ರಾಜ್ಯಗಳಲ್ಲಿ ಇದು ಹೆಚ್ಚು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಬಿದ್ದರು. ಈಗ ಗದ್ದಲವಾದರೆ ಒಳ್ಳೆಯದೇ, ಮುಂದಿನ ಚುನಾವಣೆಗೆ ಅವರು ಸ್ವಂತ ಹೆಸರಿನಲ್ಲೇ ಬರುತ್ತಾರೆ ಎಂಬುದು ಸೇನ್ ಅವರ ಲೆಕ್ಕ. ನಿಯಮ ಸರಿಯೇ ಇರಬಹುದು. ಮತ ಕಳೆದುಕೊಂಡವರು ಮಾತ್ರ ಆ ಹೆಂಗಸರು, ಅವರ ಹೆಸರು ಹೇಳಲು ಬಿಡದ ಮನೆಯ ಗಂಡಸರಲ್ಲ.