ಪ್ರತಿಕಾಯಗಳು ತುಂಬಿದ್ದರೂ ಮಿದುಳಿನಲ್ಲಿ ಉಳಿಯುವ ದಡಾರ ವೈರಸ್

ದಡಾರದಿಂದ ಪೂರ್ತಿ ಗುಣವಾದ ಮಗು ಆರರಿಂದ ಹತ್ತು ವರ್ಷ ಆರೋಗ್ಯವಾಗಿಯೇ ಬೆಳೆದು, ಆಮೇಲೆ ಓದಿನಲ್ಲಿ ಹಿಂದೆ ಬೀಳತೊಡಗುತ್ತದೆ. ಸ್ವಭಾವ ಬದಲಾಗುತ್ತದೆ, ಮೈ ಬೆಚ್ಚಿಬಿದ್ದಂತೆ ಮರಳಿ ಮರಳಿ ಅದುರುತ್ತದೆ. ಬಹುಪಾಲು ರೋಗಿಗಳು ಕೆಲವೇ ವರ್ಷಗಳಲ್ಲಿ ಸಾಯುತ್ತಾರೆ. ಸಬ್‌ಅಕ್ಯೂಟ್ ಸ್ಕ್ಲಿರೋಸಿಂಗ್ ಪ್ಯಾನ್‌ಎನ್ಸೆಫಲೈಟಿಸ್, ಚಿಕ್ಕದಾಗಿ ಎಸ್‌ಎಸ್‌ಪಿಇ, ಎಂಬ ಈ ರೋಗದಲ್ಲಿ ವೈದ್ಯರನ್ನು ದಶಕಗಳ ಕಾಲ ಕಾಡಿದ ಸಂಗತಿಯೆಂದರೆ, ರೋಗಿಯ ರಕ್ತದಲ್ಲೂ ಮಿದುಳುಬಳ್ಳಿಯ ದ್ರವದಲ್ಲೂ ದಡಾರದ ವಿರುದ್ಧದ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಎದುರಿಸಲು ದೇಹವೇ ತಯಾರಿಸುವ ಪ್ರೋಟೀನುಗಳು, ಅಪಾರವಾಗಿರುತ್ತವೆ; ಆದರೂ ವೈರಸ್ ಅಳಿಯುವುದಿಲ್ಲ.

ಅಮೆರಿಕದ ಜೇಮ್ಸ್ ಡಾಸನ್ 1933ರಲ್ಲಿಯೇ ಇಂಥ ರೋಗಿಯ ಮಿದುಳಿನ ಕೋಶಗಳೊಳಗೆ ಅಸಹಜ ಕಣರಾಶಿಗಳನ್ನು ಕಂಡು, ವೈರಸ್ಸಿನ ಕೈವಾಡವಿರಬಹುದೆಂದು ಶಂಕಿಸಿದ್ದರು. ಬೆಲ್ಜಿಯಂನ ಲುಡೊ ವಾನ್ ಬೊಗಾರ್ಟ್ 1945ರಲ್ಲಿ ಇದೇ ರೋಗವನ್ನು ಬೇರೆ ಹೆಸರಿನಿಂದ ವಿವರಿಸಿದರು. ಆದರೆ ದಡಾರದತ್ತ ಬೆರಳು ತಿರುಗಿದ್ದು 1960ರ ದಶಕದಲ್ಲಿ: 1965ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಡಾರದ ಕುಟುಂಬದ ವೈರಸ್ಸನ್ನು ಹೋಲುವ ರಚನೆಗಳು ಕಂಡವು, 1967ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕರು ದಡಾರದ ಪ್ರತಿಕಾಯಗಳನ್ನು ತೋರಿಸಿದರು, 1969ರಲ್ಲಿ ವೈರಸ್ ಪ್ರಯೋಗಾಲಯದಲ್ಲಿ ಬೆಳೆಯಿತು. ಅದೂ ಸಲೀಸಾಗಿ ಅಲ್ಲ. ರೋಗಿಯ ಮಿದುಳಿನ ಕೋಶಗಳನ್ನು ಬೇರೆ ಜೀವಂತ ಕೋಶಗಳ ಜೊತೆಗೂಡಿಸಿ ಬೆಳೆಸಬೇಕಾಯಿತು. ವೈರಸ್ ಕೋಶದಿಂದ ಹೊರಬರುತ್ತಿಲ್ಲ ಎಂಬ ಸುಳಿವು ಅಲ್ಲೇ ಇತ್ತು.

ಮೊದಲಿಗೆ ಸಂದೇಹ ಹುಟ್ಟಿದ್ದು ಪ್ರತಿರಕ್ಷಣೆಯ ಕೊರತೆಯ ಬಗ್ಗೆ. ದಡಾರವು ಪ್ರತಿರಕ್ಷಣೆಯನ್ನು ಕುಗ್ಗಿಸುತ್ತದೆಂಬುದು ಹೊಸ ವಿಷಯವಾಗಿರಲಿಲ್ಲ. ದಡಾರದ ದಿನಗಳಲ್ಲಿ, ಪ್ರತಿರಕ್ಷಣೆಯ ಪ್ರತಿಕ್ರಿಯೆಯನ್ನೇ ಆಧರಿಸಿದ ಕ್ಷಯದ ಚರ್ಮಪರೀಕ್ಷೆ ತಾತ್ಕಾಲಿಕವಾಗಿ ಋಣಾತ್ಮಕವಾಗುವುದನ್ನು ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ದಾಖಲಿಸಿದ್ದರು. ಆದರೆ ಕೊರತೆಯೊಂದೇ ಉತ್ತರವಾಗಲಾರದು ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಬಲವಾದ ಸಾಕ್ಷಿ ಇನ್ನೊಂದು ಕಾಯಿಲೆಯೇ. ಪ್ರತಿರಕ್ಷಣೆ ನಿಜಕ್ಕೂ ಕುಸಿದಿರುವವರಲ್ಲಿ, ಉದಾಹರಣೆಗೆ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಕ್ಕಳಲ್ಲಿ, ದಡಾರ ವೈರಸ್ ಕೆಲವೇ ತಿಂಗಳಲ್ಲಿ ಮಿದುಳನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಕಾಯುವ ಎಸ್‌ಎಸ್‌ಪಿಇ ಬರುವುದು ಸಾಮಾನ್ಯವಾಗಿ ಬೇರೆಲ್ಲ ಸೋಂಕುಗಳನ್ನು ಸರಿಯಾಗಿಯೇ ಎದುರಿಸಿದ ಮಕ್ಕಳಿಗೆ.

1979ರಲ್ಲಿ ಚಿತ್ರ ಬದಲಾಯಿತು. ರೋಗಿಗಳ ಪ್ರತಿಕಾಯಗಳ ರಾಶಿಯಲ್ಲಿ ವೈರಸ್ಸಿನ ಮ್ಯಾಟ್ರಿಕ್ಸ್ ಪ್ರೋಟೀನಿನ ವಿರುದ್ಧದವು ಮಾತ್ರ ಬಹುತೇಕ ಇಲ್ಲವೆಂದು ಒಂದು ತಂಡ ಕಂಡುಕೊಂಡಿತು. ಹೊಸ ವೈರಸ್ ಕಣಗಳು ಕೋಶದ ಅಂಚಿನಲ್ಲಿ ರೂಪುಗೊಂಡು ಹೊರಬೀಳಲು ಬೇಕಾದದ್ದೇ ಆ ಪ್ರೋಟೀನು. ಅದೇ ವರ್ಷ ರಾಬರ್ಟ್ ಫುಜಿನಾಮಿ ಮತ್ತು ಮೈಕೇಲ್ ಓಲ್ಡ್‌ಸ್ಟೋನ್, ಸೋಂಕಿತ ಕೋಶದ ಹೊರಮೈಗೆ ಅಂಟಿದ ಪ್ರತಿಕಾಯಗಳು ಕೋಶವನ್ನು ಕೊಲ್ಲದೆಯೇ ಒಳಗಿನ ವೈರಸ್ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಬಲ್ಲವೆಂದು ತೋರಿಸಿದರು. ಅಂದರೆ ವೈರಸ್ಸನ್ನು ಅಳಿಸಬೇಕಾದ ಪ್ರತಿಕಾಯವೇ ಅದನ್ನು ಒಳಗೆ ಅಡಗಿಸಿಡಬಹುದಾಗಿತ್ತು.

1980ರ ದಶಕದಲ್ಲಿ ರೊಬೆರ್ಟೊ ಕಟ್ಟಾನಿಯೊ ಮತ್ತು ಮಾರ್ಟಿನ್ ಬಿಲೆಟರ್ ಮಿದುಳಿನಿಂದ ಪಡೆದ ವೈರಸ್ಸಿನ ಮ್ಯಾಟ್ರಿಕ್ಸ್ ಜೀನ್‌ನಲ್ಲಿ ಒಂದೇ ಬಗೆಯ ರೂಪಾಂತರಗಳು ಗುಂಪುಗುಂಪಾಗಿರುವುದನ್ನು ಕಂಡರು. ಇದಕ್ಕೆ ಕಾರಣವೆಂದು ಇಂದು ಬಲವಾಗಿ ಶಂಕಿಸಲಾಗಿರುವುದು ಸೋಂಕಿನ ವೇಳೆ ದೇಹ ಸ್ರವಿಸುವ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನಿನಿಂದ ಚುರುಕಾಗುವ, ವೈರಸ್ಸಿನ ಜೀನ್‌ಗಳನ್ನು ಹೊತ್ತ ಆರ್‌ಎನ್‌ಎಯನ್ನು ತಿದ್ದುವ ಒಂದು ಕಿಣ್ವ. ಅಲ್ಲಿಗೆ ದೇಹದ ರಕ್ಷಣೆಯೇ ವೈರಸ್ಸನ್ನು ಮಾರ್ಪಡಿಸಿದಂತಾಯಿತು. ನಂತರದ ಅಧ್ಯಯನಗಳಲ್ಲಿ ವೈರಸ್ಸನ್ನು ಕೋಶದ ಪೊರೆಯೊಂದಿಗೆ ಬೆಸೆಯುವ ಫ್ಯೂಷನ್ ಪ್ರೋಟೀನಿನ ರೂಪಾಂತರಗಳೂ ಸಿಕ್ಕಿವೆ. ಇವುಗಳ ಬಲದಿಂದ ವೈರಸ್ ಒಂದು ನರಕೋಶದಿಂದ ಪಕ್ಕದ ನರಕೋಶಕ್ಕೆ ನೇರವಾಗಿ ದಾಟುವುದರಿಂದ, ದ್ರವದಲ್ಲಿ ತೇಲುವ ಪ್ರತಿಕಾಯಗಳಿಗೆ ಅದು ಎದುರಾಗುವುದೇ ಅಪರೂಪ.

ಎರಡು ವರ್ಷ ವಯಸ್ಸಿನೊಳಗೆ ದಡಾರ ತಗುಲಿದವರಿಗೇ ಅಪಾಯ ಹೆಚ್ಚು. ಇನ್ನೂ ಬಲಿಯದ ಪ್ರತಿರಕ್ಷಣೆಯೂ ತಾಯಿಯಿಂದ ಬಂದ ಅಳಿದುಳಿದ ಪ್ರತಿಕಾಯಗಳೂ ಕಾರಣವಿರಬಹುದೆಂಬ ಊಹೆಯಿದೆ. ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದ ಲೆಕ್ಕದಲ್ಲಿ, ಹನ್ನೆರಡು ತಿಂಗಳೊಳಗೆ ದಡಾರ ಬಂದ ಸುಮಾರು 600 ಶಿಶುಗಳಲ್ಲಿ ಒಂದಕ್ಕೆ ಈ ರೋಗ ಬಂದಿತ್ತು. ರೋಗಿಗಳ ಮಿದುಳಿನಿಂದ ಪಡೆದು ತಳಿ ಗುರುತಿಸಲಾದ ವೈರಸ್‌ಗಳು ನೈಸರ್ಗಿಕ ದಡಾರದವು, ಲಸಿಕೆಯ ತಳಿಯವಲ್ಲ. ಐಸೊಪ್ರಿನೋಸಿನ್ ಎಂಬ ಔಷಧ ಮತ್ತು ಇಂಟರ್‌ಫೆರಾನ್ ಕೆಲವರಲ್ಲಿ ರೋಗದ ವೇಗ ತಗ್ಗಿಸಬಹುದಾದರೂ, ಮಿದುಳಿಗೆ ಒಮ್ಮೆ ಹಬ್ಬಿದ ಈ ವೈರಸ್ಸನ್ನು ಪೂರ್ತಿಯಾಗಿ ತೊಲಗಿಸುವ ಚಿಕಿತ್ಸೆ ಇನ್ನೂ ಬಂದಿಲ್ಲ.